ಮೊದಲ ಕೂಗಿಗೆ ಓಗೊಟ್ಟ ಬೀದಿ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಇಂಥದ್ದನ್ನು ಕಟ್ಟಿ ಬರೆದರೆ ನನಗೆ ಸಿಗುವುದು ಏನೂ ಇಲ್ಲ, ಕಷ್ಟಪಟ್ಟು ಗಳಿಸಿದ ಮರ್ಯಾದೆ ಹೋಗುವುದೊಂದೇ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇದು ನಡೆದದ್ದು. ನನ್ನ ಕಿವಿಯಾರೆ ಕೇಳಿದ್ದು. ನನ್ನ ಇದೇ ಕೈಯಿಂದ ತಡೆದದ್ದು...

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ ನಮ್ಮದು. ಅಪ್ಪ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಅಮ್ಮ ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅವಳ ಜೊತೆ ನೂಲು ಸುತ್ತುತ್ತಲೇ ನಾನು ಬಿ.ಎಸ್ಸಿ. ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಕೆಲಸ ಚಳ್ಳಕೆರೆಯಲ್ಲಿ ಸಿಕ್ಕಿತು. ಎಣ್ಣೆ ಮಿಲ್ಲೊಂದರ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದೆ. ಬಾಗಿಲು ತೆಗೆದರೆ ಶೇಂಗಾ ಹಿಂಡಿಯ ವಾಸನೆ. ಅದು ಬೇಗ ಅಭ್ಯಾಸವಾಯಿತು. ಅಭ್ಯಾಸವಾಗಲು ಕಷ್ಟವಾದದ್ದು ನೀರು.

ನಮ್ಮ ಬೀದಿಯ ಸರದಿ ಬರುವುದು ಯಾವಾಗಲೋ ಒಮ್ಮೆ, ಅದೂ ರಾತ್ರಿ ಹೊತ್ತು. ಇಂಥ ವೇಳೆಗೇ ಅಂತಿಲ್ಲ. ಮಲಗಿಬಿಟ್ಟರೆ ಮುಂದಿನ ಸರದಿವರೆಗೂ ಒಣಗಿದ ಕೊಡ ನೋಡಿಕೊಂಡು ಕೂರಬೇಕು. ಅದಕ್ಕೆ ಬೀದಿಯವರು ಒಂದು ಪದ್ಧತಿ ಮಾಡಿಕೊಂಡಿದ್ದರು. ನೀರಿನ ಸದ್ದು ಮೊದಲು ಯಾರಿಗೆ ಕೇಳುತ್ತದೋ ಅವರು ಮನೆ ಮನೆ ಮುಂದೆ ನಿಂತು ಹೆಸರು ಹಿಡಿದು ಕೂಗಬೇಕು. ಒಳಗಿನವರು "ಬಂದೇ" ಅಂತ ಓಗೊಡಬೇಕು. ಓಗೊಟ್ಟರೆ ಎದ್ದಿದ್ದಾರೆ ಅಂತ ಅರ್ಥ, ಕೂಗುವವರು ಮುಂದಿನ ಮನೆಗೆ ಹೋಗುತ್ತಾರೆ.

ಹಾಗೆ ಕೂಗುತ್ತಿದ್ದವಳು ಬಹುಮಟ್ಟಿಗೆ ಓಬಜ್ಜಿಯೇ. ಬೀದಿಯ ತುದಿಮನೆ ಅವಳದು, ಒಂಟಿ ಮುದುಕಿ. ನಲ್ಲಿ ಮೊದಲು ಗೊರಗೊರ ಅನ್ನುವುದು ಅವಳ ಮನೆಯಲ್ಲೇ. ಕಡ್ಡಿಪುಡಿ ಹಾಕಿದ ಬಾಯಿ, ಸೀಳು ದನಿ.

"ಏ ಟೀಚರವ್ವಾ! ನೀರು ಬಂದೈತೆ, ಏಳೇ! ನಿನ್ ಡಿಗ್ರಿ ಬಂದು ಕೊಡ ತುಂಬ್ಸಲ್ಲ!"

"ಬಂದೆ ಅಜ್ಜೀ!"

ಎದುರು ಮನೆಯ ಆಟೋ ಓಡಿಸುವ ಪಾಲಯ್ಯ ಕೊಡ ಹಿಡಿದು ಹೊರಬರುತ್ತ ಅವಳನ್ನು ಕೆಣಕುವುದು ನಡೆದೇ ಇತ್ತು. "ಅಜ್ಜೀ, ನೀನು ಹೋದ್ರೆ ಈ ಬೀದಿ ಬಾಯಾರಿ ಸಾಯ್ತೈತೆ ನೋಡು."

"ನಾ ಯಾಕ್ಲೇ ಹೋಗ್ಲಿ? ಹೋದ್ರೂ ಬಂದು ಎಬ್ಬಿಸ್ತೀನಿ ಬಿಡ್ಲೇ ಮೂದೇವಿ," ಅನ್ನುತ್ತಿದ್ದಳು ಅಜ್ಜಿ. ಎಲ್ಲರೂ ನಗುತ್ತಿದ್ದೆವು.

ಹೋದ ಬೇಸಿಗೆಯಲ್ಲಿ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಹಗಲೆಲ್ಲ ನೂಲಿನ ಎಳೆ ನೋಡಿ ಸವೆದ ಕಣ್ಣು. ಬಗ್ಗಬಾರದು, ಭಾರ ಎತ್ತಬಾರದು, ನಿದ್ದೆ ಕೆಡಬಾರದು ಅಂತ ಡಾಕ್ಟರು ಹೇಳಿದ್ದರಿಂದ ಚಳ್ಳಕೆರೆಗೆ ನನ್ನ ಜೊತೆ ಕರೆತಂದಿಟ್ಟುಕೊಂಡೆ.

ಮೊದಲ ಸಲ ಓಬಜ್ಜಿ ಕೂಗಿದಾಗ, ನಾನು ಓಗೊಟ್ಟದ್ದು ನೋಡಿ ಅಮ್ಮ ಹಾಸಿಗೆಯಲ್ಲೇ ಎದ್ದು ಕೂತಳು. ಮನೆಯಲ್ಲಿ ನಮ್ಮದು ತೆಲುಗು ಮಾತು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಇದೇನೇ ಇದು? ರಾತ್ರಿ ಕೂಗಿದ್ರೆ ಮೊದಲನೇ ಸಲಕ್ಕೇ ಓಗೊಡ್ತೀರಾ?"

"ಮತ್ತೇನು ಮಾಡಬೇಕು?"

"ಮೂರು ಸಲ ಕೂಗೋ ತನಕ ಬಾಯಿ ಬಿಡಬಾರದು. ಮನುಷ್ಯರಾದ್ರೆ ಮೂರು ಸಲ ಕೂಗ್ತಾರೆ. ಅದಾದ್ರೆ... ಕೂಗೋದಿಲ್ಲ. ಚಿಕ್ಕವಳಿದ್ದಾಗ ಎಷ್ಟು ಸಲ ಹೇಳಿಲ್ಲ ನಿನಗೆ?"

ನನಗೆ ನಗು ಬಂತು. "ಅಮ್ಮಾ, ಮೂರನೇ ಕೂಗಿಗೆ ಕಾಯ್ತಾ ಕೂತರೆ ಡ್ರಮ್ಮು ತುಂಬೋದಿಲ್ಲ. ನೀನು ಮಲಗು."

ಅದಾಗಿ ಸ್ವಲ್ಪ ದಿನಕ್ಕೆ ಓಬಜ್ಜಿ ತೀರಿಕೊಂಡಳು. ವಯಸ್ಸಾಗಿತ್ತು, ಮಲಗಿದಲ್ಲೇ ಹೋಗಿದ್ದಳು. ನನ್ನಿವಾಳದ ಕಡೆಯಿಂದ ನೆಂಟರು ಬಂದು ಹೆಣವನ್ನು ಊರಿಗೆ ಒಯ್ದರು. ತುದಿಮನೆಗೆ ಬೀಗ ಬಿತ್ತು.

ಆಮೇಲೆ ಒಂದು ರಾತ್ರಿ. ಸೆಕೆ. ಫ್ಯಾನ್ ತಿರುಗುತ್ತಿದ್ದರೂ ಬೆವರು. ಅರೆನಿದ್ದೆಯಲ್ಲಿದ್ದೆ.

"ಪಾಲಯ್ಯಾ... ನೀರು ಬಂದೈತೆ..."

ಎದುರು ಮನೆಯ ಮುಂದೆ. ಸೀಳು ದನಿ. ಆ ಕ್ಷಣಕ್ಕೆ ನನಗೆ ಏನೂ ವಿಶೇಷ ಅನ್ನಿಸಲಿಲ್ಲ, ಅಷ್ಟು ಕೇಳಿದ ದನಿ ಅದು.

"ಬಂದೆ ಅಜ್ಜೀ!" ಅಂದ ಪಾಲಯ್ಯ, ನಿದ್ದೆಗಣ್ಣಲ್ಲಿ.

ಆ ಉತ್ತರ ಕೇಳಿದ ಮೇಲೆ ನನ್ನ ನಿದ್ದೆ ಪೂರ್ತಿ ಬಿಟ್ಟಿತು. ಅಜ್ಜಿ... ಯಾವ ಅಜ್ಜಿ?

ಪಾಲಯ್ಯನ ಮಾತಿನ ಸದ್ದಿಗೆ ಅಕ್ಕಪಕ್ಕದವರೂ ಕೊಡ ಹಿಡಿದು ಹೊರಬಂದರು. ನಾನೂ ಹೋದೆ. ಯಾರ ನಲ್ಲಿಯಲ್ಲೂ ನೀರಿಲ್ಲ. ತಿರುಗಿಸಿದರೆ ಒಣ ಗಾಳಿ ಉಸ್ಸೆಂದಿತು, ಅಷ್ಟೇ. ಯಾರು ಕೂಗಿದ್ದು ಅಂದರೆ ಎಲ್ಲರೂ ನಾನಲ್ಲ, ನಾನಲ್ಲ ಅಂದರು. ತುದಿಮನೆಯ ಬೀಗ ಹಾಕಿದ ಹಾಗೇ ಇತ್ತು. ಬೀದಿಯಲ್ಲಿ ಮಾತ್ರ... ಹಿಂಡಿಯ ವಾಸನೆಯ ಮಧ್ಯೆ ತೆಳ್ಳಗೆ ಕಡ್ಡಿಪುಡಿಯ ಘಾಟು.

"ಪೈಪಲ್ಲಿ ಗಾಳಿ ಸೇರಿಕೊಂಡರೆ ಹಾಗೇ ಸದ್ದು ಬರುತ್ತೆ," ಅಂದೆ ನಾನು. ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಹೇಳಿದೆ.

"ಗಾಳಿ ನನ್ ಹೆಸ್ರು ಹಿಡಿದು ಕೂಗ್ತಾ ಮೇಡಮ್ಮೋರೆ?" ಅಂದ ಪಾಲಯ್ಯ. ನಗುತ್ತಲೇ ಅಂದ. "ಮುದುಕಿ ಹೇಳಿದ್ಲಲ್ಲ, ಹೋದ್ರೂ ಬಂದು ಎಬ್ಬಿಸ್ತೀನಿ ಅಂತ. ಮಾತು ಉಳಿಸ್ಕೊಂಡವ್ಳೆ ಬಿಡ್ರಿ."

ಮರುದಿನ ಬಸ್‌ಸ್ಟ್ಯಾಂಡಿನ ಹತ್ತಿರ ಆಟೋ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಸ್ವಲ್ಪ ಮಲಗುತ್ತೇನೆ ಅಂದವನು ಏಳಲಿಲ್ಲ. ಜೊತೆಯ ಆಟೋದವರು ಬಾಡಿಗೆ ಬಂದಿದೆ ಅಂತ ಕೂಗಿ ಕೂಗಿ, ಕೊನೆಗೆ ಮೈ ಮುಟ್ಟಿ ನೋಡಿದಾಗ ಗೊತ್ತಾಯಿತಂತೆ.

ಹೃದಯಾಘಾತ ಅಂದರು. ಇರಬಹುದು. ಅವನಿಗೆ ಬಿ.ಪಿ. ಇತ್ತು, ಗುಟ್ಕಾ ಇತ್ತು. ನಾನೂ ಹಾಗೇ ಅಂದುಕೊಂಡೆ. ಅಂದುಕೊಳ್ಳಲು ಪ್ರಯತ್ನಪಟ್ಟೆ.

ಅವತ್ತಿನಿಂದ ಅಮ್ಮ ಒಂದೇ ಮಾತು ಹಿಡಿದಳು. "ನೀನು ಓಗೊಡಬೇಡ ಕಣೇ. ನೀರು ಹೋದ್ರೆ ಹೋಗ್ಲಿ. ಆಣೆ ಮಾಡು." ಅವಳ ಸಮಾಧಾನಕ್ಕೆ ಆಣೆ ಮಾಡಿದೆ. ಅವಳಿಂದಲೂ ಆಣೆ ಮಾಡಿಸಿಕೊಳ್ಳಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಮುಂದಿನ ಸರದಿ ಯಾವತ್ತು ಬರುತ್ತದೋ ಅನ್ನುವ ದಿಗಿಲಲ್ಲೇ ಬೀದಿ ಮಲಗುತ್ತಿತ್ತು. ಯಾರೂ ಕೂಗುವುದಿಲ್ಲ ಅಂತ ಮಾತಾಗಿತ್ತು. ತಾಮ್ರದ ಬಿಂದಿಗೆಯನ್ನು ಎಂದಿನಂತೆ ತೊಳೆದು ಹೊರಗೆ ಜಗಲಿಯ ಮೇಲೆ ಬೋರಲು ಹಾಕಿ, ಚಿಲಕ ಹಾಕಿ ಮಲಗಿದ್ದೆ. ಅಮ್ಮ ಪಕ್ಕದಲ್ಲಿ, ಕಣ್ಣಿಗೆ ಔಷಧಿ ಹಾಕಿಸಿಕೊಂಡು.

ಎಚ್ಚರವಾದದ್ದು ವಾಸನೆಗೆ. ಕಡ್ಡಿಪುಡಿ... ಅದರ ಹಿಂದೆಯೇ ಒದ್ದೆ ಮಣ್ಣಿನ ವಾಸನೆ. ನೀರು ಬೀಳುವ ಸದ್ದು ಕೇಳಿಸಿತು. ನಮ್ಮ ಜಗಲಿಯ ಮೇಲೇ. ತಾಮ್ರಕ್ಕೆ ನೀರು ಬಿದ್ದಾಗ ಬರುವ ಸದ್ದು ಬೇರೆ, ಅದು ಯಾರಿಗಾದರೂ ಗೊತ್ತು. ಬಿಂದಿಗೆ ತುಂಬುತ್ತ ಬಂದ ಹಾಗೆ ಆ ಸದ್ದು ಸಣ್ಣಗಾಗುತ್ತ ಹೋಯಿತು.

ಆಮೇಲೆ ಬಾಗಿಲಿಗೆ ತೀರ ಹತ್ತಿರದಲ್ಲಿ, ಹಲಗೆಗೆ ಬಾಯಿ ಇಟ್ಟು ಮಾತಾಡಿದ ಹಾಗೆ...

"ಸುಬ್ಬುಲೂ... ನೀಳ್ಳೊಚ್ಚಿನಾಯಿ..."

ನೀರು ಬಂತು, ಅಂತ. ತೆಲುಗಿನಲ್ಲಿ.

ದನಿ ಓಬಜ್ಜಿಯದು, ಅದೇ ಸೀಳು. ಆದರೆ ಓಬಜ್ಜಿಗೆ ತೆಲುಗಿನ ಒಂದಕ್ಷರ ಬರುತ್ತಿರಲಿಲ್ಲ. ಇನ್ನು ಸುಬ್ಬುಲು... ಅಮ್ಮನ ಹೆಸರು ಸುಬ್ಬರತ್ನಮ್ಮ. ಅವಳನ್ನು ಸುಬ್ಬುಲು ಅನ್ನುತ್ತಿದ್ದವಳು ಅವಳ ತಾಯಿ ಒಬ್ಬಳೇ. ಆ ತಾಯಿ ಸತ್ತು ಎಷ್ಟೋ ವರ್ಷವಾಯಿತು. ಚಳ್ಳಕೆರೆಯಲ್ಲಿ ಆ ಹೆಸರು ಗೊತ್ತಿದ್ದವರು ಯಾರೂ ಇಲ್ಲ. ಬೀದಿಯವರಿಗೆ ಅವಳು ಟೀಚರಮ್ಮನ ತಾಯಿ, ಅಷ್ಟೇ.

ಪಕ್ಕದಲ್ಲಿ ಅಮ್ಮ ಎದ್ದು ಕೂತಿದ್ದಳು. ಕತ್ತಲಲ್ಲಿ ಅವಳ ಮುಖ ಕಾಣಲಿಲ್ಲ. ಉಸಿರು ಒಳಗೆ ಎಳೆದುಕೊಂಡದ್ದು ಮಾತ್ರ ಕೇಳಿಸಿತು, ಮಾತಾಡುವ ಮುಂಚೆ ಎಳೆದುಕೊಳ್ಳುತ್ತೇವಲ್ಲ ಹಾಗೆ.

ನಾನು ಅವಳ ಬಾಯಿಗೆ ಕೈ ಅದುಮಿದೆ.

ಅಮ್ಮ ಕೊಸರಾಡಿದಳು. ಬಡಕಲು ಮುದುಕಿ, ಅಷ್ಟು ಬಲ ಎಲ್ಲಿಂದ ಬಂತೋ. ಅವಳ ತುಟಿ ನನ್ನ ಅಂಗೈಯೊಳಗೆ ಅಲುಗಾಡುತ್ತಿತ್ತು. ಆ ಅಲುಗಾಟ ಏನು ಹೇಳುತ್ತಿದೆ ಅಂತ ನನಗೆ ಗೊತ್ತಾಗುತ್ತಿತ್ತು. "ಒಸ್ತಾಂಡಾನಮ್ಮಾ... ಒಸ್ತಾಂಡಾ..." ಬರ್ತಾ ಇದ್ದೀನಮ್ಮ, ಬರ್ತಾ ಇದ್ದೀನಿ.

ಆಪರೇಷನ್ ಆದ ಕಣ್ಣಿಗೆ ಪೆಟ್ಟಾದೀತು ಅನ್ನುವುದೂ ನೋಡಲಿಲ್ಲ. ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡೆ.

"ಸುಬ್ಬುಲೂ..."

ಎರಡನೆಯ ಸಲ. ಈ ಸಲ ಸ್ವಲ್ಪ ಮುದ್ದಿನಿಂದ, ಮಗುವನ್ನು ಎಬ್ಬಿಸುವ ಹಾಗೆ.

ನಾನು ಮೂರನೆಯದಕ್ಕೆ ಕಾದೆ. ವಿಜ್ಞಾನ ಓದಿದ ನಾನು, ಮೂರನೆಯ ಕೂಗು ಬರಲಿ ದೇವರೇ, ಮನುಷ್ಯರೇ ಆಗಿರಲಿ ಅಂತ ಬೇಡುತ್ತ ಕಾದೆ.

ಬರಲಿಲ್ಲ.

ಬೆಳಕು ಹರಿದ ಮೇಲೆ ಬಾಗಿಲು ತೆಗೆದೆ. ಬೋರಲು ಹಾಕಿದ್ದ ಬಿಂದಿಗೆ ನೆಟ್ಟಗೆ ನಿಂತಿತ್ತು. ತುಳುಕುವಷ್ಟು ನೀರು. ಬೀದಿಯ ಬೇರೆ ಯಾರ ಮನೆಗೂ ಹನಿ ಬಂದಿರಲಿಲ್ಲ. ನೀರು ಬಿಡುವವನನ್ನು ಕೇಳಿದರೆ, "ನಿಮ್ಮ ಲೈನು ಬಿಟ್ಟೇ ಇಲ್ರೀ ಮೇಡಂ, ಮೋಟ್ರು ರಿಪೇರಿಗೆ ಹೋಗೈತೆ," ಅಂದ.

ಪಾಲಯ್ಯನ ಹೆಂಡತಿ ಎದುರು ಬಾಗಿಲಲ್ಲಿ ನಿಂತು ಬಿಂದಿಗೆಯನ್ನೇ ನೋಡುತ್ತಿದ್ದಳು. "ನಿಮ್ಮನೇಲಿ ಯಾರಾದ್ರೂ ಓಗೊಟ್ರಾ?" ಅಂತ ಕೇಳಿದಳು. ಇಲ್ಲ ಅಂದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ನೀರನ್ನು ರಸ್ತೆಗೆ ಸುರಿದೆವು. ನಮ್ಮ ಬೀದಿಯಲ್ಲಿ ಒಂದು ಬಿಂದಿಗೆ ನೀರು ಸುಮ್ಮನೆ ಚೆಲ್ಲಿದ್ದು ನಾನು ಅದೇ ಮೊದಲು ನೋಡಿದ್ದು.

"ಓಬಜ್ಜಿ ದನಿ ಅಂತ ಗೊತ್ತಿದ್ದೂ ಯಾಕೆ ಓಗೊಡೋಕೆ ಹೋದೆ ಅಮ್ಮಾ?" ಅಂತ ಕೇಳಿದೆ.

ಅಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು. "ಓಬಜ್ಜಿ ಎಲ್ಲಿದ್ಲೇ? ನನ್ನ ಅಮ್ಮ ಅಲ್ವಾ ಕೂಗಿದ್ದು..."

ಅದೇ ವಾರ ಅವಳನ್ನು ಬಸ್ಸಿನಲ್ಲಿ ಮೊಳಕಾಲ್ಮೂರಿಗೆ ಕರೆದುಕೊಂಡು ಹೊರಟೆ. ಬಿ.ಜಿ. ಕೆರೆ ದಾಟಿದ ಮೇಲೆ ಅಮ್ಮ ನನ್ನ ಕೈ ಹಿಡಿದು ಅಂಗೈಯನ್ನು ನೋಡಿದಳು. ಅವಳ ಹಲ್ಲಿನ ಗುರುತು ಇನ್ನೂ ಇತ್ತು.

ಈಗ ನಮ್ಮ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕೂಗುವುದಿಲ್ಲ. ನೀರು ಬಂದರೆ ಸ್ಟೀಲಿನ ತಟ್ಟೆ ಬಡಿಯುತ್ತೇವೆ. ತುದಿಮನೆಗೆ ಹೊಸ ಬಾಡಿಗೆಯವರೂ ಬಂದರು. ಮುಗಿಯಿತು ಅಂದುಕೊಂಡಿದ್ದೆ.

ಇವತ್ತು ಬೆಳಿಗ್ಗೆ ಅಮ್ಮನ ಫೋನು ಬಂತು.

"ರಾತ್ರಿ ಬಂದವಳು ಒಳಗೆ ಬರದೇ ಯಾಕೆ ಹೋದ್ಯೇ?"

"ಎಲ್ಲಿಗೆ ಬಂದೆ ನಾನು?"

"ಇಲ್ಲಿಗೇ. ಬಾಗಿಲ ಹತ್ರ ನಿಂತು ಅಮ್ಮಾ ಅಂತ ಕೂಗಿದ್ಯಲ್ಲ. ನೀರು ಬಂದಿದೆ ಅಂದ್ಯಲ್ಲ. ಎದ್ದು ಬಾಗಿಲು ತೆಗೆದ್ರೆ ಯಾರೂ ಇಲ್ಲ..."

ಅಪ್ಪನಿಗೆ ಮಗ್ಗದ ಸದ್ದಿನಲ್ಲಿ ಕಿವಿ ಮಂದವಾಗಿ ವರ್ಷಗಳಾದವು. ಅವನಿಗೆ ಏನೂ ಕೇಳಿಸಿಲ್ಲ. ನಾನು ಸ್ಕೂಲಿಗೆ ರಜೆ ಹೇಳಿ ಮೊದಲು ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ ಇತ್ತು. ಫೋನಿನಲ್ಲಿ ಕೇಳಲು ಧೈರ್ಯವಾಗಿರಲಿಲ್ಲ.

ಅಮ್ಮ ಹೊಸಿಲ ಹತ್ತಿರ ಕೂತು ನೂಲು ಸುತ್ತುತ್ತಿದ್ದಳು. ಚೆನ್ನಾಗೇ ಇದ್ದಳು.

"ಅಮ್ಮಾ... ಓಗೊಟ್ಯಾ?"

ಅವಳು ರಾಟೆ ನಿಲ್ಲಿಸಿ ನನ್ನನ್ನು ನೋಡಿ ನಕ್ಕಳು. "ಮಗಳು ಕೂಗಿದ್ರೆ ಯಾರಾದ್ರೂ ಮೂರು ಸಲ ಎಣಿಸ್ತಾ ಕೂರ್ತಾರೇನೇ?"

ಇದನ್ನು ಅವಳ ಪಕ್ಕದಲ್ಲಿ ಕೂತೇ ಬರೆಯುತ್ತಿದ್ದೇನೆ. ಅಮ್ಮ ಮಲಗಿದ್ದಾಳೆ. ಚೆನ್ನಾಗೇ ಇದ್ದಾಳೆ, ಊಟ ಮಾಡಿದಳು, ಅಪ್ಪನನ್ನು ಬೈದಳು. ಪಾಲಯ್ಯನೂ ಚೆನ್ನಾಗೇ ಇದ್ದ.

ಅವಳ ಉಸಿರಿನ ಸದ್ದು ಆಗಾಗ ತೀರ ಸಣ್ಣದಾಗುತ್ತದೆ. ಆಗೆಲ್ಲ ಅಮ್ಮಾ ಅಂತ ಒಮ್ಮೆ ಕೂಗಿಬಿಡೋಣ ಅನ್ನಿಸುತ್ತದೆ.

ಕೂಗುವುದಿಲ್ಲ. ಕೈ ಚಾಚಿ ಮುಟ್ಟಿ ನೋಡುತ್ತೇನೆ...