ಎರಡು ಬಡಿತದ ಇಸ್ಮಾಯಿಲ್ ಭಾಯ್

ಕತಾರಿನ ಹಮದ್ ಬಂದರಿನ ಪಕ್ಕದ ನಮ್ಮ ಕಂಪೆನಿಯ ಕಂಟೈನರ್ ಯಾರ್ಡಿನಲ್ಲಿ ಟ್ರೈಲರ್ ಹೊರಡಿಸಲು ಇಸ್ಮಾಯಿಲ್ ಭಾಯ್‌ಗೆ ವಾಕಿಟಾಕಿ ಬೇಡ. ಅಂಗೈ ಸಾಕು. ಗಾಡಿಯ ಬಾಗಿಲಿಗೆ ಟಪ್ ಟಪ್ ಎಂದು ಎರಡು ಬಡಿದು ಅರಬ್ಬಿಯಲ್ಲಿ "ಯಲ್ಲಾ" ಅಂದರೆ ಮುಗಿಯಿತು. ಡ್ರೈವರ್ ನೇಪಾಳದವನಿರಲಿ, ಪೇಶಾವರದವನಿರಲಿ, ಗೇರ್ ಹಾಕುತ್ತಾನೆ. ಒಂದು ಬಡಿತ ಅಂದರೆ ನಿಲ್ಲು, ಎರಡು ಅಂದರೆ ಹೊರಡು. ಅವರೆದುರಿನ ಗಾಜಿನ ಕೋಣೆಯಲ್ಲಿ ಡಾಕ್ಯುಮೆಂಟೇಶನ್ ನೋಡುತ್ತಾ ಇಷ್ಟು ವರ್ಷ ಕಳೆದ ನಾನು ಆ ಒಂದು ಬಡಿತವನ್ನು ಒಮ್ಮೆಯೂ ಕೇಳಿರಲಿಲ್ಲ.

ಈ ಭಾಷೆ ಅವರು ಕತಾರಿನಲ್ಲಿ ಕಲಿತದ್ದಲ್ಲ. ಉಪ್ಪಿನಂಗಡಿಯಿಂದ ಮಂಗಳೂರಿಗೆ ಹೋಗುವ ಸರ್ವಿಸ್ ಬಸ್ಸಿನಲ್ಲಿ ಮೀಸೆ ಮೂಡುವ ಮೊದಲೇ ಕ್ಲೀನರ್ ಆಗಿ, ಆಮೇಲೆ ಕಂಡಕ್ಟರ್ ಆಗಿ, ಫುಟ್‌ಬೋರ್ಡಿನಲ್ಲಿ ನೇತಾಡುತ್ತಾ ಬಸ್ಸಿನ ಬೆನ್ನಿಗೆ ಬಡಿದು ಬಡಿದು ಕಲಿತದ್ದು. ಹಿಂದಿನ ಬಸ್ಸು ಬಂದು ಜನರನ್ನು ಎತ್ತಿಕೊಂಡು ಹೋಗುವ ಮೊದಲು ಹೊರಡಬೇಕು, ಅಷ್ಟೇ ಅವರ ವೇದಾಂತ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಆ ಮನುಷ್ಯನ ಬೆನ್ನ ಹಿಂದೆ ಈಗಲೂ ಒಂದು ಬಸ್ಸು ಬರುತ್ತಲೇ ಇದೆ. ಊಟಕ್ಕೆ ಕುಳಿತರೆ ಮೇಜಿಗೆ ಟಪ್ ಟಪ್. ಲಿಫ್ಟ್ ತಡವಾದರೆ ಗೋಡೆಗೆ ಟಪ್ ಟಪ್. ಒಮ್ಮೆ ಮೀಟಿಂಗ್ ಉದ್ದವಾಯಿತೆಂದು ಮ್ಯಾನೇಜರರ ಕುರ್ಚಿಯ ಬೆನ್ನಿಗೇ ಬಡಿದಿದ್ದರು. ಮ್ಯಾನೇಜರ್ ಎದ್ದೇ ಬಿಟ್ಟರು!

ಇಂಥವರ ಹೆಂಡತಿ ಝೈನಬಕ್ಕ. ಮದುವೆಯಾದ ಮೇಲೆ ಹೆಚ್ಚಿನ ವರ್ಷಗಳನ್ನು ಅವರು ಊರಿನಲ್ಲಿ, ವರ್ಷಕ್ಕೊಮ್ಮೆ ಬರುವ ಗಂಡನನ್ನು ಕಾಯುತ್ತಾ ಕಳೆದವರು. ಮಗಳು ಅಸೀಫಾಳ ಮದುವೆ ಮುಗಿದ ಮೇಲಷ್ಟೇ ಅಲ್ ವಕ್ರಾದ ಫ್ಲ್ಯಾಟಿಗೆ ಬಂದರು. ಗಂಡನ ಜೊತೆ ಇರಬಹುದೆಂದು ಬಂದದ್ದು. ಇಲ್ಲಿ ನೋಡಿದರೆ ಗಂಡ ಯಾರ್ಡಿನ ಜೊತೆ ಇದ್ದರು. ಶುಕ್ರವಾರ ನಾವು ನಾಲ್ವರೂ ನನ್ನ ಗಂಡ ಕೃತಿಕನ ಕಾರಿನಲ್ಲಿ ಅಲ್ ಶಮಾಲಿನ ಕಡಲ ತೀರಕ್ಕೆ ಹೋಗುವುದುಂಟು. ಝೈನಬಕ್ಕ ಚಾಪೆ ಹಾಸಿ, ಫ್ಲಾಸ್ಕಿನಿಂದ ಕಡಕ್ ಚಾ ಬಗ್ಗಿಸಿ, ಕಡಲ ಕಡೆ ತಿರುಗುವಷ್ಟರಲ್ಲಿ ಕಾರಿನ ಬಾನೆಟ್ಟಿಗೆ ಟಪ್ ಟಪ್.

"ಆಯ್ತಲ್ಲ, ನೋಡಿದ್ವಲ್ಲ? ಯಲ್ಲಾ, ಟ್ರಾಫಿಕ್ ಆಗ್ತದೆ."

ಖಾಲಿ ಮರುಭೂಮಿಯ ದಾರಿಯಲ್ಲಿ ಯಾವ ಟ್ರಾಫಿಕ್ಕೋ! ಆಗೆಲ್ಲ ನನಗೆ ಆ ಫ್ಲಾಸ್ಕನ್ನು ಅವರ ತಲೆಗೆ ಬಗ್ಗಿಸಬೇಕು ಅನ್ನಿಸಿದ್ದಿದೆ. ಝೈನಬಕ್ಕ ಮಾತ್ರ ಚಾಪೆ ಮಡಚುತ್ತಿದ್ದರು.

ಈ ವರ್ಷ ಇಸ್ಮಾಯಿಲ್ ಭಾಯ್ ಅವರ ಕೆಲಸ ಮುಗಿಯುವುದಿತ್ತು. ವಯಸ್ಸಾಯಿತು, ಕಂಪೆನಿ ವೀಸಾ ಮುಂದುವರಿಸುವುದಿಲ್ಲ ಎಂದಿತು. ಝೈನಬಕ್ಕನ ಮುಖದಲ್ಲಿ ಒಂದು ಬೆಳಕು ಬಂದಿತ್ತು. ಅಷ್ಟರಲ್ಲಿ ಇರ್ಷಾದ್ ಎಂಬ ಹಳೆಯ ಪರಿಚಯದವನು ಇಂಡಸ್ಟ್ರಿಯಲ್ ಏರಿಯಾದಲ್ಲಿ ಹೊಸ ಯಾರ್ಡ್ ತೆರೆದು, "ಇನ್ನೆರಡು ವರ್ಷ ನನ್ನ ಹತ್ತಿರ ಇರಿ ಭಾಯ್" ಎಂದು ಕರೆದ. ಇನ್ನೆರಡು ವರ್ಷ ಎನ್ನುವುದು ಗಲ್ಫಿನಲ್ಲಿ ಎಂದೂ ಮುಗಿಯದ ಲೆಕ್ಕ. ಝೈನಬಕ್ಕ ಅದನ್ನು ಎಷ್ಟು ಸಲ ಕೇಳಿದ್ದರೋ ಏನೋ, ಈ ಸಲ ಗಂಡನ ಮುಖಕ್ಕೇ ಹೇಳಿದರು: ತಾನು ಊರಿಗೆ ಹೋಗುವುದು ಖಂಡಿತ, ಬರುವುದಾದರೆ ಜೊತೆಗೆ ಬನ್ನಿ, ಬಾರದಿದ್ದರೆ ಇನ್ನು ಕಾಯುವವಳು ಅಲ್ಲಿ ಯಾರೂ ಇಲ್ಲ.

ಹೋಗುವ ಮೊದಲು ಒಂದೇ ಒಂದು ಆಸೆ ಕೇಳಿದರು. ಜಿರಾಫೆ ನೀರು ಕುಡಿಯುವುದನ್ನು ನೋಡಬೇಕು.

ಮೊಮ್ಮಗಳ ಚಿತ್ರಪುಸ್ತಕ ನೋಡುವಾಗ ಹುಟ್ಟಿದ ಪ್ರಶ್ನೆಯಂತೆ ಅದು. ಅಷ್ಟುದ್ದ ಕಾಲು, ಅಷ್ಟುದ್ದ ಕುತ್ತಿಗೆ, ನೀರು ಕೆಳಗೆ. ಹೇಗೆ? "ಬಗ್ಗಿ ಕುಡೀತದೆ, ಮತ್ತೆ ಪೈಪ್ ಹಾಕ್ತಾರಾ?" ಎಂದು ಇಸ್ಮಾಯಿಲ್ ಭಾಯ್ ನಕ್ಕರು. ನನಗೆ ರೇಗಿತು. ಈದ್ ರಜೆಗೆ ದಕ್ಷಿಣ ಆಫ್ರಿಕಾದ ಕ್ರೂಗರ್ ಅರಣ್ಯಕ್ಕೆ ಸಣ್ಣ ಗುಂಪಿನ ಸಫಾರಿಯೊಂದನ್ನು ನಾನೇ ಹುಡುಕಿ, ಅವರಿಬ್ಬರ ಪಾಸ್‌ಪೋರ್ಟ್ ಕಸಿದುಕೊಂಡು ವೀಸಾಕ್ಕೆ ಹಾಕಿದೆ. ಇರ್ಷಾದ್ ಅಷ್ಟು ದಿನ ಕಾಯಲು ಒಪ್ಪಿದ. ಸಫಾರಿಯ ಕೊನೆಯ ದಿನ ಬೆಳಿಗ್ಗೆ ಫೋನ್ ಮಾಡುತ್ತೇನೆ, ಆಗ ಹೌದು ಅನ್ನದಿದ್ದರೆ ಕೆಲಸ ನಿಝಾಮ್ ಎಂಬ ಇನ್ನೊಬ್ಬನಿಗೆ ಕೊಡುತ್ತೇನೆ ಎಂದಿದ್ದ.

ಜೀಪಿನಲ್ಲಿ ನಾವು ನಾಲ್ವರು, ಬಾಯಿ ತೆರೆಯದ ಒಂದು ಜರ್ಮನ್ ಮುದಿ ದಂಪತಿ, ಮತ್ತು ಗಾಡಿ ಓಡಿಸುವ ಗೈಡ್ ಗೇಬ್ರಿಯಲ್. ಬಾಗಿಲಿಲ್ಲದ ಎತ್ತರದ ಜೀಪು, ಮೆಟ್ಟಿಲಿನಂತೆ ಮೂರು ಸಾಲು ಸೀಟು. ಏಳಬಾರದು, ಇಳಿಯಬಾರದು, ಗದ್ದಲ ಮಾಡಬಾರದು ಎಂದು ಗೇಬ್ರಿಯಲ್ ಮೊದಲೇ ಹೇಳಿದ. ಇಸ್ಮಾಯಿಲ್ ಭಾಯ್ ಎಲ್ಲದಕ್ಕೂ ತಲೆಯಾಡಿಸಿ ಹಿಂದಿನ ಸಾಲಿನ ಅಂಚಿನಲ್ಲಿ ಕುಳಿತರು. ಅಂಚು ಅಂದರೆ ಕೈಗೆ ತಗಡು ಸಿಗುವ ಜಾಗ. ಆಗಲೇ ನನಗೆ ಹೊಳೆಯಬೇಕಿತ್ತು.

ಮೊದಲ ದಿನ ಮರದಡಿ ಸಿಂಹಗಳು ಮಲಗಿದ್ದವು. ಜರ್ಮನ್ ಮುದುಕ ಫಿರಂಗಿಯಷ್ಟು ದೊಡ್ಡ ಕ್ಯಾಮೆರಾ ಹೊರತೆಗೆದು ಇನ್ನೂ ಕಣ್ಣಿಗೆ ಹಿಡಿದಿರಲಿಲ್ಲ.

"ಮಲಗಿದ ಸಿಂಹವನ್ನು ಎಂಥ ನೋಡುವುದು ಮಾರಾಯ್ರೆ? ನಮ್ಮ ಲೇಬರ್ ಕ್ಯಾಂಪಿನ ಹುಡುಗರೂ ಹೀಗೇ ಮಲಗ್ತಾರೆ. ಯಲ್ಲಾ!" ಟಪ್ ಟಪ್.

ಸಿಂಹಗಳೆಲ್ಲ ಒಟ್ಟಿಗೆ ತಲೆಯೆತ್ತಿ ನಮ್ಮ ಕಡೆ ನೋಡಿದವು. ಕೃತಿಕ್ ನನ್ನ ಮೊಣಕೈಯನ್ನು ಹಿಡಿದದ್ದು ಸಂಜೆಯವರೆಗೂ ನೋಯುತ್ತಿತ್ತು. ಗೇಬ್ರಿಯಲ್ ನಿಧಾನವಾಗಿ ಹಿಂದೆ ತಿರುಗಿ, "ಸರ್, ಈ ಗಾಡಿ ಯಾವಾಗ ಹೊರಡಬೇಕೆಂದು ನಾನು ಹೇಳುತ್ತೇನೆ" ಎಂದ. ಆಮೇಲೆ ಚಾ ಕುಡಿಯುವಾಗ ಅದೇನು ಬಡಿತವೆಂದು ಕೇಳಿದ. ಇಸ್ಮಾಯಿಲ್ ಭಾಯ್ ತಮ್ಮ ಮುರುಕು ಇಂಗ್ಲಿಷಿನಲ್ಲಿ ಉಪ್ಪಿನಂಗಡಿಯ ಬಸ್ಸು, ಫುಟ್‌ಬೋರ್ಡು, ಒಂದು ಬಡಿತ, ಎರಡು ಬಡಿತ, ಎಲ್ಲವನ್ನೂ ಉತ್ಸಾಹದಿಂದ ವಿವರಿಸಿದರು. ಗೇಬ್ರಿಯಲ್ ಬಿದ್ದು ಬಿದ್ದು ನಕ್ಕ. ತನ್ನ ಊರಿನ ವ್ಯಾನುಗಳಲ್ಲೂ ಹೀಗೇ ಬಡಿಯುತ್ತಾರೆಂದ.

ಮರುದಿನ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಒಂದು ಹೊಂಡದ ಹತ್ತಿರ ಜಿರಾಫೆ ಬಂದಿತ್ತು. ಗೇಬ್ರಿಯಲ್ ಎಂಜಿನ್ ಆರಿಸಿದ. ಜಿರಾಫೆ ನೀರಿನ ಬಳಿ ಬಂದು ನಿಂತಿತು. ನಿಂತೇ ಇತ್ತು. ಆ ಕಡೆ ನೋಡಿತು, ಈ ಕಡೆ ನೋಡಿತು, ನಾಲ್ಕು ಹೆಜ್ಜೆ ಹಿಂದೆ ಹೋಯಿತು, ಮತ್ತೆ ಬಂದಿತು. ನನಗೇ ತಡೆಯಲಾಗದೆ ಉಗುರು ಕಚ್ಚಲು ಶುರುಮಾಡಿದ್ದೆ, ಇನ್ನು ಹಿಂದೆ ಕುಳಿತವರ ಗತಿ ಏನು? ಕೊನೆಗೆ ಅದು ಮುಂಗಾಲುಗಳನ್ನು ಸ್ವಲ್ಪ ಸ್ವಲ್ಪವೇ ಅಗಲಿಸತೊಡಗಿತು. ಝೈನಬಕ್ಕ ಎರಡೂ ಕೈಯಲ್ಲಿ ನನ್ನ ಸೀಟಿನ ಕಂಬಿ ಹಿಡಿದು ಮುಂದೆ ಬಗ್ಗಿದರು. ಜಿರಾಫೆಯ ಕುತ್ತಿಗೆ ಇಳಿಯಿತು. ಇನ್ನೊಂದು ಗೇಣು ಇರಬಹುದು.

ಟಪ್ ಟಪ್.

ಬೇಕೆಂದು ಮಾಡಿದ್ದಲ್ಲ, ಅದು ನನಗೂ ಗೊತ್ತು. ಕೈ ತಾನಾಗಿಯೇ ಹೋಗಿತ್ತು. ಜಿರಾಫೆ ಧಡಕ್ಕನೆ ನೆಟ್ಟಗಾಗಿ, ಕಾಲು ಎಡವುತ್ತಾ ಪೊದೆಗಳ ಹಿಂದೆ ಓಡಿಹೋಯಿತು. ಇಸ್ಮಾಯಿಲ್ ಭಾಯ್ ತಮ್ಮ ಅಂಗೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡರು.

ಝೈನಬಕ್ಕ ಗಂಡನ ಕಡೆ ತಿರುಗಿದರು. ಮನೆಯಲ್ಲಿ ಅವರದು ಬ್ಯಾರಿ ಭಾಷೆ. ಅಂದು ಕನ್ನಡದಲ್ಲೇ ಹೇಳಿದರು, ನಮಗೂ ಕೇಳಲಿ ಅಂತಲೇ ಇರಬೇಕು.

"ನಾನು ನಿಮ್ಮ ಟ್ರೈಲರಾ? ಬಡಿದ ಕೂಡ್ಲೇ ಹೊರಡ್ಲಿಕ್ಕೆ? ಇಷ್ಟು ವರ್ಷದಲ್ಲಿ ಒಂದು ಕೇಳಿದ್ದೆ. ಒಂದು!"

ಶಾಲನ್ನು ಮುಖದ ಮೇಲೆ ಎಳೆದುಕೊಂಡರು. ಸಫಾರಿ ಕ್ಯಾಂಪ್ ತಲುಪುವವರೆಗೂ ತೆಗೆಯಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಗೇಬ್ರಿಯಲ್ ಜಿರಾಫೆಯ ಕಷ್ಟ ತಿಳಿಸಿದ. ಕಾಲು ಅಗಲಿಸಿ ಬಗ್ಗಿದಾಗ ಸಿಂಹ ಬಂದರೆ ಅದಕ್ಕೆ ಕೂಡಲೇ ಓಡಲು ಆಗುವುದಿಲ್ಲ. ಹಾಗಾಗಿ ಯಾರೂ ಬರುವುದಿಲ್ಲ ಎಂದು ಪೂರ್ತಿ ನಂಬಿಕೆಯಾಗುವವರೆಗೆ ಬಾಯಾರಿಕೊಂಡೇ ನಿಲ್ಲುತ್ತದೆ. ಇಸ್ಮಾಯಿಲ್ ಭಾಯ್ ಕೇಳಿಸಿಕೊಂಡರು, ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದರು, ತಿನ್ನಲಿಲ್ಲ.

ಅದರ ಮರುದಿನ ಇಡೀ ದಿನ ಸುತ್ತಿದರೂ ಯಾವ ಜಿರಾಫೆಯೂ ನೀರಿಗೆ ಇಳಿಯಲಿಲ್ಲ. ಆನೆ ಸಿಕ್ಕಿತು, ಘೇಂಡಾಮೃಗ ಸಿಕ್ಕಿತು, ಜರ್ಮನ್ ಮುದುಕಿ ಮೊದಲ ಬಾರಿಗೆ ಬಾಯಿ ತೆರೆದು "ವಂಡರ್‌ಫುಲ್" ಎಂದಳು. ಝೈನಬಕ್ಕ ಯಾವುದನ್ನೂ ನೋಡಿದಂತೆ ಕಾಣಲಿಲ್ಲ. ಸಂಜೆ ಮಸುಕಾಗುವ ಮೊದಲು ಕ್ಯಾಂಪಿನ ಬೇಲಿಯ ಬಳಿ ಇಸ್ಮಾಯಿಲ್ ಭಾಯ್ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಾ ಅತ್ತಿತ್ತ ಓಡಾಡುತ್ತಿದ್ದರು. ನನ್ನ ಪಿತ್ತ ನೆತ್ತಿಗೇರಿತು.

"ಇರ್ಷಾದನಿಗಾ? ನಾಳೆಯವರೆಗೆ ಕಾಯ್ಲಿಕ್ಕೂ ಆಗುದಿಲ್ವಾ ನಿಮಗೆ? ಝೈನಬಕ್ಕ ಅಲ್ಲಿ ಒಬ್ಬರೇ ಕೂತಿದ್ದಾರೆ."

"ಅವನಿಗಲ್ಲ. ಸುಮ್ನೆ. ಸಿಗ್ನಲ್ ಉಂಟಾ ಅಂತ ನೋಡಿದ್ದು." ಫೋನನ್ನು ಜೇಬಿಗೆ ಹಾಕಿ ಬೇಲಿಯ ಕಂಬ ಹಿಡಿದು ನಿಂತರು. "ಅಮಿತಾ, ನಿನ್ನತ್ರ ಹೇಳುದಕ್ಕೆ ಏನು. ಕೂತ್ರೆ ನನಗೆ ಹೆದರಿಕೆ ಆಗ್ತದೆ. ಊರಿನ ಮನೆಯಲ್ಲಿ ನಾನು ಯಾವಾಗ್ಲೂ ನೆಂಟನೇ. ಒಂದು ತಿಂಗಳು ಬಿರಿಯಾನಿ ತಿಂದು ಬರುವವ. ಇನ್ನು ದಿನಾ ಇವಳ ಎದುರು ಕೂತು ಎಂಥ ಮಾತಾಡ್ಲಿ? ಯಾರ್ಡಲ್ಲಾದ್ರೆ ಯಲ್ಲಾ ಅಂದ್ರೆ ಸಾಕು. ಇವಳತ್ರ ಬೇರೆ ಮಾತು ಬೇಕಲ್ಲ? ನನ್ನತ್ರ ಇಲ್ಲ."

ನನ್ನ ನಾಲಗೆ ಚೂಪು ಎಂದು ಕೃತಿಕ್ ಯಾವಾಗಲೂ ಹೇಳುತ್ತಾನೆ. ಆಗ ಅದೂ ಮೊಂಡಾಯಿತು. ಇಷ್ಟು ವರ್ಷ ಅವಸರದ ಮನುಷ್ಯನೆಂದು ಬೈದುಕೊಂಡಿದ್ದ ನನಗೆ, ಅವರು ಹೆದರಿ ಓಡುತ್ತಿದ್ದಾರೆಂದು ತಿಳಿದದ್ದು ಆಗಲೇ.

"ಮಾತಾಡಿ ಅಂತ ಅವರು ಯಾವಾಗ ಕೇಳಿದ್ರು? ಕೂತ್ಕೊಳ್ಳಿ ಅಂತ ತಾನೇ ಕೇಳಿದ್ದು" ಎಂದಷ್ಟೇ ಹೇಳಿ ಬಂದೆ.

ಕೊನೆಯ ದಿನ ಬೆಳಿಗ್ಗೆ ಗೇಬ್ರಿಯಲ್ ಕ್ಯಾಂಪಿನ ಸಮೀಪದ ಕೆರೆಯೊಂದಕ್ಕೆ ಕರೆದುಕೊಂಡು ಹೋದ. ಹನ್ನೊಂದಕ್ಕೆ ವಿಮಾನ ನಿಲ್ದಾಣಕ್ಕೆ ಹೊರಡಬೇಕು, ಹಾಗಾಗಿ ಇದೊಂದೇ ನಿಲುಗಡೆ ಎಂದ. ಕೆರೆಯ ದಂಡೆಯಲ್ಲಿ ಜಿರಾಫೆ ಆಗಲೇ ನಿಂತಿತ್ತು. ದೊಡ್ಡದು, ಮೈಯೆಲ್ಲ ಕಡುಕಂದು. ನಾವು ಕಾದೆವು. ಅದೂ ಕಾಯಿತು. ಬಿಸಿಲು ಏರಿತು. ನೊಣಗಳು ಮುಖಕ್ಕೆ ಮುತ್ತಿದವು. ನಾನು ಮಾತ್ರ ಕೆರೆಯನ್ನು ಬಿಟ್ಟು ಹಿಂದಿನ ಸೀಟಿನ ಆ ಕೈಯನ್ನೇ ನೋಡುತ್ತಿದ್ದೆ. ಅದು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮೆಲ್ಲಗೆ ತಗಡಿನ ಕಡೆ ಜಾರಿತು. ಹಿಂದೆ ಬಂತು. ಮತ್ತೆ ಜಾರಿತು.

ಆಗ ಅವರ ಅಂಗಿಯ ಜೇಬಿನಲ್ಲಿ ಫೋನ್ ಗುರುಗುಟ್ಟಿತು.

ಶಬ್ದ ತೆಗೆದಿಟ್ಟಿದ್ದರೂ ಅದರ ಅದುರುವಿಕೆ ನನಗೆ ಕೇಳುತ್ತಿತ್ತು. ಇರ್ಷಾದ್. ಇನ್ಯಾರು? ಝೈನಬಕ್ಕನಿಗೂ ಗೊತ್ತಾಯಿತು. ಅವರು ಗಂಡನ ಕಡೆ ನೋಡಲಿಲ್ಲ, ಆದರೆ ಕಂಬಿ ಹಿಡಿದಿದ್ದ ಬೆರಳುಗಳು ಬಿಳಿಚಿಕೊಂಡವು. ಇಸ್ಮಾಯಿಲ್ ಭಾಯ್ ಕೈ ಎತ್ತಿದರು. ಜೇಬಿಗೋ, ತಗಡಿಗೋ? ಅವರು ಆ ಕೈಯನ್ನು ತಂದು ತಮ್ಮ ತೊಡೆಯ ಅಡಿಗೆ ತೂರಿಸಿ, ಅದರ ಮೇಲೆ ಕುಳಿತರು. ಶಾಲೆಯಲ್ಲಿ ಪೆಟ್ಟು ತಪ್ಪಿಸಿಕೊಳ್ಳುವ ಮಕ್ಕಳು ಹಾಗೆ ಕೂರುತ್ತಾರೆ.

ಫೋನ್ ನಿಂತಿತು. ಮತ್ತೆ ಶುರುವಾಯಿತು. ಅವರ ಹಣೆಯಿಂದ ಬೆವರು ಇಳಿದು ಗಡ್ಡಕ್ಕೆ ಸೇರುತ್ತಿತ್ತು, ಒರೆಸಿಕೊಳ್ಳಲಿಲ್ಲ. ಜಿರಾಫೆ ಕಾಲು ಅಗಲಿಸಿತು. ಇನ್ನಷ್ಟು. ಕುತ್ತಿಗೆ ಇಳಿಯಿತು, ಅರ್ಧದಲ್ಲಿ ನಿಂತಿತು, ಪೂರ್ತಿ ಇಳಿಯಿತು. ಅದರ ಬಾಯಿ ನೀರಿಗೆ ತಾಗಿದ್ದನ್ನು ನಾನು ನೋಡಿದೆ. ಗಂಟಲಿನುದ್ದಕ್ಕೂ ಗುಟುಕು ಏರಿಹೋಗುವುದೂ ಕಾಣುತ್ತಿತ್ತು. ಸಾಕಷ್ಟು ಕುಡಿದು ಅದು ಒಮ್ಮೆಲೇ ತಲೆ ಎತ್ತಿದಾಗ ಬಾಯಿಯಿಂದ ನೀರು ಬಿಲ್ಲಿನಂತೆ ಹಾರಿ ಬಿತ್ತು.

"ಯಾ ಅಲ್ಲಾಹ್" ಎಂದರು ಝೈನಬಕ್ಕ, ಬಹಳ ಮೆಲ್ಲಗೆ. "ಪಾಪ, ಇಷ್ಟು ಕಷ್ಟ ಉಂಟಾ ಅದಕ್ಕೆ ಒಂದು ಗುಟುಕು ನೀರಿಗೆ!" ಅವರ ಕಣ್ಣು ತುಂಬಿತ್ತು. ನನ್ನದೂ. ಕೃತಿಕ್ ಫೋಟೋ ತೆಗೆಯುವುದನ್ನೇ ಮರೆತಿದ್ದ.

ಫೋನ್ ಮೂರನೆಯ ಸಲ ಅದುರಿ ಸುಮ್ಮನಾಯಿತು. ಆಮೇಲೆ ಬರಲಿಲ್ಲ.

ಜಿರಾಫೆ ನಿಧಾನವಾಗಿ ನಡೆದು ಮರಗಳ ನಡುವೆ ಮರೆಯಾಯಿತು. ಜರ್ಮನ್ ಮುದುಕ ಕ್ಯಾಮೆರಾವನ್ನು ಚೀಲಕ್ಕೆ ತುಂಬಿದ. ಗೇಬ್ರಿಯಲ್ ಗಡಿಯಾರ ನೋಡಿ ಎಂಜಿನ್ ಚಾಲೂ ಮಾಡಿದ. ಇಸ್ಮಾಯಿಲ್ ಭಾಯ್ ತೊಡೆಯ ಅಡಿಯಿಂದ ಕೈ ಹೊರಗೆಳೆದರು. ಬೆರಳು ಜೋಮು ಹಿಡಿದಿತ್ತೋ ಏನೋ, ಒಮ್ಮೆ ಕೊಡವಿಕೊಂಡು ತಗಡಿಗೆ ಬಡಿದರು.

ಟಪ್.

ಎಲ್ಲರೂ ಎರಡನೆಯದಕ್ಕೆ ಕಾದೆವು. ಗೇಬ್ರಿಯಲ್ ಗೇರಿನ ಮೇಲೆ ಕೈಯಿಟ್ಟು ಕನ್ನಡಿಯಲ್ಲಿ ಅವರನ್ನು ನೋಡಿದ. ಎರಡನೆಯದು ಬರಲಿಲ್ಲ. ಅವನು ಎಂಜಿನ್ ಆರಿಸಿದ.

"ಎಂಥಾಯ್ತು?" ಎಂದರು ಝೈನಬಕ್ಕ.

"ಏನಿಲ್ಲ. ಸ್ವಲ್ಪ ಕೂರುವ."

ಕೆರೆಯ ಹತ್ತಿರ ಒಂದು ಹಕ್ಕಿಯೂ ಇರಲಿಲ್ಲ. ಝೈನಬಕ್ಕ ಪಕ್ಕಕ್ಕೆ ಸರಿದು ಗಂಡನಿಗೆ ಇನ್ನಷ್ಟು ಜಾಗ ಮಾಡಿಕೊಟ್ಟರು.