ಪಪ್ಪ ಕೇಳಬಾರದಿದ್ದ ಪದ್ಯ

ಐರಿನ್ ಕಾರ್ಕಳದವಳು. ಮಣಿಪಾಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ, ಭಾನುವಾರ ಇಗರ್ಜಿಯಲ್ಲಿ ಹಾಡು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಅವಳನ್ನು ನಮ್ಮ ರಾಕ್ ಬ್ಯಾಂಡಿಗೆ ಎಳೆದು ತಂದವನು ನಾನು, ಕಾಪುವಿನ ಜಾಬಿರ್. ನನ್ನದು ಬೇಸ್ ಗಿಟಾರ್. ಬ್ಯಾಂಡಿನ ಹೆಸರು ಕಡಲ್ಕೊರೆತ. ನಗಬೇಡಿ ಮಾರಾಯ್ರೇ, ಆಗ ನಮಗೆ ಅದು ಭಾರೀ ಹೆಸರು ಅಂತ ಕಂಡಿತ್ತು.

ನನ್ನ ಮನೆಯಲ್ಲಿ ಬ್ಯಾರಿ, ಡ್ರಮ್ಸಿನವನ ಮನೆಯಲ್ಲಿ ತುಳು, ಐರಿನಳ ಮನೆಯಲ್ಲಿ ಕೊಂಕಣಿ. ಮೂವರಿಗೂ ಒಟ್ಟಿಗೆ ಇದ್ದದ್ದು ಕನ್ನಡ, ಹಾಗಾಗಿ ಪದ್ಯವೂ ಕನ್ನಡದಲ್ಲಿ. ಐರಿನಳಿಗೆ ಅದರಲ್ಲಿ ಬೇರೆ ಲೆಕ್ಕಾಚಾರವೂ ಇತ್ತು. ಅವಳ ತಂದೆ ಲಿಗೋರಿ ಪೊರ್ಬುಗಳು ಕೊಂಕಣಿ ಪದ್ಯ ಬಿಟ್ಟರೆ ಬೇರೆ ಕೇಳುವವರಲ್ಲ.

"ಕನ್ನಡದಲ್ಲಿ ಬರೆದರೆ ಪಪ್ಪನ ಕಿವಿಗೆ ಬೀಳ್ಲಿಕ್ಕಿಲ್ಲ" ಅಂದಿದ್ದಳು.

ಬೀಳಬಾರದಂಥ ಪದ್ಯವೇ ಅದು. ಸಣ್ಣದಿರುವಾಗ, ಪಪ್ಪ ಕುಡಿದು ಬರುವ ಹೊತ್ತಿಗೆ ಇವಳು ಮತ್ತು ಅಕ್ಕ ಆನಿ ಒಂದೇ ಹೊದಿಕೆಯೊಳಗೆ ಬಾಗಿಲಿನ ಸದ್ದಿಗೆ ಕಿವಿಯಿಟ್ಟು ಮಲಗುತ್ತಿದ್ದರಂತೆ. 'ಚಿಲಕ ಮೆಲ್ಲ ಸರಿದರೆ ನಾಳೆ ಶಾಲೆ ಉಂಟು, ಜೋರಾಗಿ ಸರಿದರೆ ಕಣ್ಣು ಮುಚ್ಚು ತಂಗಿ.' ಮೊದಲ ಸಲ ಹಾಡಿ ತೋರಿಸಿದಾಗ ನನಗೆ ಗಿಟಾರ್ ಮುಟ್ಟಲಿಕ್ಕೇ ಮನಸ್ಸು ಬರಲಿಲ್ಲ.

ಆನಿಗೆ ಸಂಬಂಧ ಹುಡುಕಲು ಶುರುಮಾಡಿದ ಮೇಲೆ ಪೊರ್ಬುಗಳು ಕುಡಿತ ಬಿಟ್ಟಿದ್ದರು. ಈ ಪದ್ಯ ಕೇಳಿದರೆ ಮತ್ತೆ ಶುರುಮಾಡಿಬಿಡುತ್ತಾರೆ ಎನ್ನುವುದೇ ಐರಿನಳ ಹೆದರಿಕೆ. ಹಾಗಾದರೆ ಹಾಡುವುದೇ ಬೇಡ ಅಂದೆ. "ಹಾಡದಿದ್ದರೆ ನಾನು ಸಾಯ್ತೇನೆ" ಎಂದು ನನ್ನ ಮೇಲೇ ರೇಗಿದಳು.

೨೦೦೩ರಲ್ಲಿ ಉಡುಪಿಯ ಒಂದು ಭಜನೆ ಸ್ಟುಡಿಯೋದಲ್ಲಿ ನಮ್ಮ ಮೊದಲ ಕ್ಯಾಸೆಟ್ ಆಯಿತು. 'ಚಿಲಕ' ಎಂದೇ ಹೆಸರಿಟ್ಟೆವು. ಮಣಿಪಾಲದ ಹಾಸ್ಟೆಲುಗಳಲ್ಲಿ ಅದರದ್ದೇ ಗಲಾಟೆ. ಉಡುಪಿಯ ಅಂಗಡಿಯವರೊಬ್ಬರು ಮಾತ್ರ, "ಎಂತ ಬೊಬ್ಬೆ ಇದು, ತೆಗೊಂಡು ಹೋಗಿ" ಎಂದು ಕ್ಯಾಸೆಟ್ಟಿನ ಕಟ್ಟನ್ನೇ ವಾಪಸು ಕೊಟ್ಟರು. ಬೆಂಗಳೂರಿನ ಪತ್ರಿಕೆಯೊಂದು ಚಿಲಕವೆಂದರೆ ಜಾಗತೀಕರಣ ಎಂದು ಬರೆಯಿತು! ನಾವು ಬಿದ್ದು ಬಿದ್ದು ನಕ್ಕೆವು. ಐರಿನ್ ನಗಲಿಲ್ಲ. ಯಾರಿಗೂ ಗೊತ್ತಾಗಲಿಲ್ಲವಲ್ಲ ಎಂದು ಉಸಿರು ಬಿಟ್ಟಳು.

ಆದರೆ ಆ ಪತ್ರಿಕೆಯಲ್ಲಿ ಅವಳ ಫೋಟೋ ಬಂದಿತ್ತು. ಇಗರ್ಜಿಯವರಿಗೆಲ್ಲ ಹೆಮ್ಮೆಯೋ ಹೆಮ್ಮೆ.

ಆನಿಯ ಮದುವೆಗೆ ನಾನೂ ಹೋಗಿದ್ದೆ. ಅವರ ಮದುವೆಗಳಲ್ಲಿ ಮೈಕ್ ಹಿಡಿದು ಎಲ್ಲವನ್ನೂ ನಡೆಸಲಿಕ್ಕೆ ಒಬ್ಬ ಎಂ.ಸಿ. ಇರುತ್ತಾನೆ. ಆ ದಿನದವನು ನಾಲಗೆಗೆ ಲಗಾಮಿಲ್ಲದ ಮನುಷ್ಯ. ಟೋಸ್ಟಿಗೆಂದು ಎಲ್ಲರ ಕೈಗೂ ವೈನ್ ಗ್ಲಾಸು ಬಂತು, ಪೊರ್ಬುಗಳ ಕೈಗೂ. ಅವರು ತುಟಿಗೆ ತಾಗಿಸದೆ ಹಿಡಿದು ನಿಂತಿದ್ದರು. ಅಷ್ಟರಲ್ಲಿ ಎಂ.ಸಿ. ಕಿಸೆಯಿಂದ ನಮ್ಮ ಕ್ಯಾಸೆಟ್ ತೆಗೆದು ಎತ್ತಿ ತೋರಿಸಿ, ಸೌಂಡಿನವನ ಕೈಗೆ ಕೊಟ್ಟ.

"ಮದುಮಗಳ ತಂಗಿಯ ಪದ್ಯ! ಪೇಪರಿನಲ್ಲಿ ಬಂದದ್ದು!"

ತಡೆಯಲಿಕ್ಕೆಂದು ನಾನು ಸೌಂಡಿನವನ ಮೇಜಿಗೆ ಓಡಿದೆ. ಎಂ.ಸಿ. ನನ್ನ ಹೆಗಲು ಹಿಡಿದುಕೊಂಡ. "ನಾಚಿಕೆ ಎಂತ ಮಾರಾಯ, ನಿಮ್ಮದೇ ಅಲ್ವಾ?" ಬಿಡಿಸಿಕೊಳ್ಳುವಷ್ಟರಲ್ಲಿ ಪದ್ಯ ಶುರುವಾಗಿಹೋಗಿತ್ತು. ಜನ ತಾಳಕ್ಕೆ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ ಆನಿ ಬಿಳಿಚಿಕೊಂಡಳು. ಐರಿನ್ ಕಂಬ ಹಿಡಿದು ನಿಂತಿದ್ದಳು, ಕಣ್ಣೆಲ್ಲ ಅಪ್ಪನ ಗ್ಲಾಸಿನ ಮೇಲೆ.

'ಕಣ್ಣು ಮುಚ್ಚು ತಂಗಿ' ಬಂದಾಗ ಪೊರ್ಬುಗಳ ಗ್ಲಾಸು ವಾಲಿ ವೈನ್ ಅಂಗಿಯ ಮೇಲೆ ಚೆಲ್ಲಿತು. ಅವರು ಚಪ್ಪಾಳೆಯವರನ್ನು ಸರಿಸಿಕೊಂಡು ನೇರ ಮಗಳ ಹತ್ತಿರ ಬಂದರು. ನಾನೂ ಅಲ್ಲಿಗೆ ಓಡಿದೆ. ಕೊಂಕಣಿಯಲ್ಲೇ ಕೇಳಿದರು, ನನಗೆ ಅಷ್ಟು ಅರ್ಥವಾಗುತ್ತದೆ.

"ಅದು ನಮ್ಮ ಬಾಗಿಲಾ?"

ಯಾವುದೋ ಕಥೆ ಎಂದರೆ ಮುಗಿಯುತ್ತಿತ್ತು. ಪತ್ರಿಕೆಯವರೇ ದಾರಿ ಹೇಳಿಕೊಟ್ಟಿದ್ದರು. ಸುಳ್ಳು ಹೇಳು ಮಾರಾಯ್ತಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಹೌದು" ಎಂದಳು ಐರಿನ್.

"ನೀವಿಬ್ಬರೂ ನಿದ್ದೆಯಲ್ಲಿ ಇರುತ್ತೀರಿ ಅಂತ ಅಲ್ವಾ ನಾನು ಗ್ರಹಿಸಿದ್ದು."

"ಒಂದು ದಿನವೂ ಇಲ್ಲ, ಪಪ್ಪಾ."

ಅವರು ಗ್ಲಾಸನ್ನು ನನ್ನ ಕೈಗೆ ಕೊಟ್ಟರು. ಪಕ್ಕದ ಕುರ್ಚಿಯಲ್ಲಿ ಕೂತು, ತಲೆ ತಗ್ಗಿಸಿ, ಪದ್ಯವನ್ನು ಕೊನೆಯವರೆಗೂ ಕೇಳಿದರು.