ಕಾಕುವಿನ ತಾಳ

ಪಾರಿವಾಳಗಳ ಕಾಟ ತಡೆಯಲಾರದೆ ನನ್ನ ಹೆಂಡತಿ ಗ್ಯಾಲರಿಯಲ್ಲಿ ಹಳೆಯ ಸಿಡಿಗಳನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟಿದ್ದಾಳೆ. ಪಾರಿವಾಳಗಳು ಹೆದರಿದಂತೆ ಕಾಣುವುದಿಲ್ಲ. ಬೆಳಗಿನ ಚಹಾದ ಹೊತ್ತಿಗೆ ಸಿಡಿಗಳ ಹೊಳಪು ಕಣ್ಣಿಗೆ ಕುಕ್ಕಿ ಬೆಚ್ಚುವವನು ನಾನೊಬ್ಬನೇ. ಮೊನ್ನೆ ಹಾಗೆ ಕಣ್ಣು ಮುಚ್ಚಿ ಕುಳಿತಾಗ ಕಾಕುವಿನ ಪ್ರಸಂಗ ನೆನಪಾಯಿತು. ಕಾಕು ಅಂದರೆ ನಮ್ಮ ಚಿಕ್ಕಪ್ಪನ ಹೆಂಡತಿ. ಬಸವಕಲ್ಯಾಣದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಅವಳ ಮನೆ.

ನಿಮ್ಮೆದುರು ಸಂಕೋಚವೇನು, ಹಾಡು ಕೇಳುವುದರಲ್ಲಿ ನಾನು ನನ್ನನ್ನು ದೊಡ್ಡ ಪಂಡಿತನೆಂದೇ ತಿಳಿದವನು. ಸಿಡಿಗೂ ಫೋನಿನ ಎಂಪಿತ್ರೀಗೂ ಏನೇನೂ ಫರಕ್ ಇಲ್ಲ ಎಂಬುದು ನನ್ನ ವಾದ. ಹುಮನಾಬಾದಿನಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿರುವ ಗೆಳೆಯ ರಶೀದನದು ಇದಕ್ಕೆ ತದ್ವಿರುದ್ಧ. ಅವನು ಸಿಡಿಗಳನ್ನು ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿ ಅಲ್ಮಾರಿಯಲ್ಲಿಡುತ್ತಾನೆ.

"ಫೋನಿನ ಹಾಡು ಊರೂರು ತಿರಗಿ ಸೊರಗಿರ್ತದ ಭಾಯ್," ಎನ್ನುತ್ತಿದ್ದ.

"ಹಾಡೇನು ಎತ್ತೇನೋ ಸೊರಗಾಕ?" ಎಂದು ನಾನು ನಗುತ್ತಿದ್ದೆ. ಹೀಗೆ ವಾದಿಸುತ್ತ ಲೆಕ್ಕವಿಲ್ಲದಷ್ಟು ಚಹಾ ಕುಡಿದಿದ್ದೇವೆ. ಹಾಡು ಕೇಳಿದ್ದು ಮಾತ್ರ ಕಡಿಮೆ.

ಕಾಕು ಓಣಿಯ ಹೆಣ್ಣುಮಕ್ಕಳ ಭಜನೆ ಬಳಗದಲ್ಲಿ ಮೊದಲಿನಿಂದಲೂ ತಾಳ ಬಾರಿಸುವವಳು. ಹಾಡಲು ಅವಳಿಗೆ ಬಾರದು, ಮಾತೂ ಕಡಿಮೆ. ಸೋಮವಾರ ಸಂಜೆ ಆ ಎರಡು ಕಂಚಿನ ಬಿಲ್ಲೆಗಳು ಕೈಗೆ ಬಂದವೆಂದರೆ ಮಾತ್ರ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಬಹಳ ವರ್ಷಗಳ ಹಿಂದೆ ರಶೀದ ಈ ಬಳಗದ ವಚನಗಾಯನವನ್ನು ರೆಕಾರ್ಡ್ ಮಾಡಿ ಎಲ್ಲರಿಗೂ ಒಂದೊಂದು ಸಿಡಿ ಕೊಟ್ಟಿದ್ದ. ಸಿಡಿ ಹಾಕುವ ಯಂತ್ರಗಳು ಮೂಲೆ ಸೇರಿದ ಮೇಲೆ ಕಾಕುವಿನ ಸಿಡಿ ಮಂಠಾಳದ ಹೊಲಕ್ಕೆ ಹಕ್ಕಿ ಬೆದರಿಸಿ ಜೋಳ ಕಾಯಲು ಹೋಯಿತು. ಉಳಿದದ್ದು ಒಂದು ಪುಟ್ಟ ಫೈಲು: ಯಾರೋ ಫೋನಿನಲ್ಲಿ ಹಿಡಿಸಲೆಂದು ಕುಗ್ಗಿಸಿದ್ದು, ಅವರಿಂದ ಪಡೆದವರು ಇನ್ನಷ್ಟು ಕುಗ್ಗಿಸಿ ದಾಟಿಸಿದ್ದು.

ಹೋದ ವರ್ಷ ಬಳಗಕ್ಕೆ ಹೊಸದಾಗಿ ಸೇರಿದ ಸುಮಿತ್ರಾ ಅದನ್ನು ಎಲ್ಲರೆದುರು ಫೋನಿನಲ್ಲಿ ಹಚ್ಚಿದಳು. ಹಾಡು ಪರವಾಗಿಲ್ಲ, ತಾಳ ಬಂದಲ್ಲೆಲ್ಲ ಬರೀ ಚುಂಯ್, ಚುಂಯ್.

"ಒಗ್ಗರಣಿ ಹಾಕಿದಂಗ ಕೇಳಸ್ತದಲ್ರಿ," ಎಂದಳು ಸುಮಿತ್ರಾ, ಕೆಟ್ಟ ಮನಸ್ಸಿನಿಂದಲ್ಲ. ಎಲ್ಲರೂ ನಕ್ಕರು. ಕಾಕುವೂ ನಕ್ಕಳು. ಮರುದಿನ ತಾಳಗಳನ್ನು ಒರೆಸಿ ಸುಮಿತ್ರಾಳ ಮನೆಗೆ ಕೊಟ್ಟು ಬಂದಳು.

ಸುದ್ದಿ ತಿಳಿದು ನಾನು ಹೋದಾಗ ತೊಗರಿಬೇಳೆ ಆರಿಸುತ್ತ ಕೂತಿದ್ದಳು.

"ಯಾಕ ಕಾಕು, ಕೈ ನೋಯಾಕತ್ತದೇನು?"

"ಕೈಗೇನಾಗ್ಯಾದ. ಇಷ್ಟು ವರ್ಷ ಹಂಗೇ ಬಾರಿಸೀನಿ, ಒಬ್ರೂ ಹೇಳಲಿಲ್ಲ ನೋಡು. ಪಾಪ, ಮುದುಕಿ ಅಂತ ಸುಮ್ನಾಗ್ಯಾರ."

ತನ್ನದೆಂದು ಅವಳು ಹೇಳಿಕೊಳ್ಳಬಹುದಾಗಿದ್ದ ವಿದ್ಯೆ ಅದೊಂದೇ. ಅದನ್ನೂ ಜನ ಕನಿಕರದಿಂದ ಸಹಿಸಿಕೊಂಡರೆಂದು ನಂಬಿಬಿಟ್ಟಿದ್ದಳು.

ರಶೀದನ ಬಳಿ ಮೂಲ ಸಿಡಿ ಇರಲೇಬೇಕು. ಏನೋ ನೆವ ಹೇಳಿ ಅವಳನ್ನು ಹುಮನಾಬಾದಿನ ಬಸ್ ಹತ್ತಿಸಿದೆ. ಹತ್ತಿದ ಮೇಲೆ ಭಯ ಶುರುವಾಯಿತು. ನನ್ನ ವಾದವೇ ನಿಜವಾಗಿ ಸಿಡಿಯಲ್ಲೂ ಒಗ್ಗರಣೆಯೇ ಕೇಳಿದರೆ? ದಾರಿಯುದ್ದಕ್ಕೂ, ದೇವರೇ, ಇದೊಂದು ಸಲ ರಶೀದನೇ ಗೆಲ್ಲಲಿ ಎಂದು ಬೇಡಿಕೊಂಡೆ.

"ಬರ್ರಿ ಕಾಕು, ಕೂಡ್ರಿ," ಎಂದ ರಶೀದ, ಬಟ್ಟೆ ಬಿಚ್ಚಿ ಸಿಡಿ ಹಾಕಿದ. ಅದು ತಿರುಗಿತು, ತಡವರಿಸಿತು, ನಿಂತಿತು. ತೆಗೆದು ಒರೆಸಿ ಮತ್ತೆ ಹಾಕಿದ. ಹಾರ್ಮೋನಿಯಂ ಪೇಟಿ ಬಂತು, ದನಿಗಳು ಬಂದವು, ಆಮೇಲೆ ತಾಳ. ಝಣ್ ಎಂದು ತೆರೆದು, ಸಣ್ಣಗೆ ಎಳೆಯುತ್ತ ಹೋಗಿ, ಮುಂದಿನ ಪೆಟ್ಟಿಗೆ ಸರಿಯಾಗಿ ಜಾಗ ಬಿಟ್ಟು ಅಡಗಿತು. ಹಾಡನ್ನು ವಿಪರೀತ ಕುಗ್ಗಿಸಿದರೆ ಮೊದಲು ಕೆಡುವುದು ಇಂಥ ಚೂಪು ನಾದಗಳೇ ಎಂದು ನಾನು ಎಲ್ಲೋ ಓದಿದ್ದೆ. ಕಿವಿಯಿಂದ ತಿಳಿದದ್ದು ಅಂದೇ.

ಒಂದು ಕಡೆ ತಾಳ ತುಸು ಹಿಂದೆ ಬಿತ್ತು. ರಶೀದ ಮರ್ಯಾದೆಗೆಂದು ಮುಂದಿನ ಹಾಡಿಗೆ ಹೋಗಲು ಕೈ ಚಾಚಿದ.

"ಇರ್ಲಿ ಬಿಡಪ್ಪ," ಎಂದಳು ಕಾಕು. "ಅದು ನಂದೇ ತಪ್ಪು. ಆವತ್ತ ಬಳಿ ಅಡ್ಡ ಬಂದಿತ್ತು." ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ನನ್ನ ತಪ್ಪು ಇಷ್ಟೇ ನೋಡು."

ರಶೀದ ಅದೇ ಸಿಡಿಯಿಂದ ಹೆಚ್ಚು ಕುಗ್ಗಿಸದ ಒಂದು ಎಂಪಿತ್ರೀ ಮಾಡಿದ. ಎರಡನ್ನೂ ಅದಲುಬದಲು ಹಚ್ಚಿದಾಗ ಯಾವುದು ಯಾವುದೆಂದು ನಾವು ಮೂವರೂ ಗುರುತಿಸಲಾರದೆ ಹೋದೆವು. ಅಲ್ಲಿಗೆ ನನ್ನ ಮಾನವೂ ಅರ್ಧ ಉಳಿಯಿತು. ರಶೀದ ಇದನ್ನು ಇಂದಿಗೂ ಒಪ್ಪಿಲ್ಲ.

ಬಸ್ಸಿಳಿದವಳೇ ಕಾಕು ನೆಟ್ಟಗೆ ಸುಮಿತ್ರಾಳ ಬಾಗಿಲಿಗೆ ಹೋದಳು. "ನನ್ನ ತಾಳ ಕೊಡವ್ವ."

"ನಾನೇ ತರಬೇಕಂತಿದ್ನಿರಿ," ಎಂದಳು ಸುಮಿತ್ರಾ. "ನನ್ನ ಕೈಯಾಗ ಖರೇ ಒಗ್ಗರಣಿನೇ ಆಗ್ಯಾದ."

ಈಗ ಸೋಮವಾರಗಳಂದು ನಾನೂ ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂರುತ್ತೇನೆ. ಮೊದಲೆಲ್ಲ ನನಗೆ ಹಾಡಷ್ಟೇ ಕೇಳುತ್ತಿತ್ತು. ಈ ವಾರ ಭಜನೆ ಮುಗಿದ ಮೇಲೆ ಕಾಕು ಚಹಾ ತಂದುಕೊಟ್ಟು, ಎಂದೂ ಯಾರನ್ನೂ ಕೇಳದ ಪ್ರಶ್ನೆ ಕೇಳಿದಳು.

"ತಾಳ ಬರೋಬರ್ ಇತ್ತೇನು?"

ಚೆನ್ನಾಗಿತ್ತು ಎಂದುಬಿಡುವುದು ಸುಲಭವಿತ್ತು. "ಕಡೀ ಹಾಡಿನಾಗ ಒಂದು ಕಡೆ ತಪ್ಪಿದಿ ಕಾಕು," ಎಂದೆ.

"ಹ್ಞಾಂ, ನನಗೂ ಗೊತ್ತಾತು," ಎಂದಳು. ಅವಳ ಮುಖ ಅಷ್ಟು ಹಗುರಾದದ್ದನ್ನು ನಾನು ಹುಮನಾಬಾದಿನಲ್ಲೂ ಕಂಡಿರಲಿಲ್ಲ.